ವಂತಿಗೆಗೆ ಮೊದಲು ಲೆಕ್ಕ

ರಸ್ತೆಗೂ ನೀರಿನ ಪೈಪಿಗೂ ದುಡ್ಡು ಯಾರು ಕೊಡಬೇಕು? ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಎರಡು ದಶಕಗಳಿಂದ ಈ ವಾದ ನಡೆದೇ ಇದೆ. ಬಳಸುವವರೇ ಕೊಡಲಿ ಎನ್ನುವವರು ಒಂದು ಕಡೆ, ಕಂದಾಯ ಕಟ್ಟುತ್ತಿದ್ದೇವಲ್ಲ, ಮತ್ತೇಕೆ ಕೊಡಬೇಕು ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಜನರಿಗೆ ಎಲ್ಲವೂ ಪುಕ್ಕಟೆ ಬೇಕು, ಅದಕ್ಕೇ ಕೆಲಸ ಆಗುವುದಿಲ್ಲ ಎಂದು ಅಧಿಕಾರಸ್ಥರು ಹೇಳುವುದನ್ನು ನಾನು ಒಪ್ಪಲಾರೆ. ಜನ ಕೊಟ್ಟಿದ್ದಾರೆ. ಕೊಟ್ಟ ಮೇಲೆ ಏನಾಯಿತು ಎಂಬುದನ್ನು ನೋಡಬೇಕು.

ಈ ಶತಮಾನದ ಮೊದಲ ವರ್ಷಗಳಲ್ಲಿ ನಗರದ ಸುತ್ತ ಏಳು ನಗರಸಭೆಗಳಿದ್ದವು: ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರ, ಬ್ಯಾಟರಾಯನಪುರ, ಯಲಹಂಕ, ದಾಸರಹಳ್ಳಿ, ರಾಜರಾಜೇಶ್ವರಿನಗರ. ಕೆಂಗೇರಿಯಲ್ಲಿ ಪುರಸಭೆಯಿತ್ತು. ಅಲ್ಲಿಗೆಲ್ಲ ಕಾವೇರಿ ನೀರು ಒದಗಿಸುವ ಯೋಜನೆ ರೂಪಿಸಿದಾಗ ಸರ್ಕಾರ ಬಂಡವಾಳದ ಒಂದು ಪಾಲನ್ನು ನಿವಾಸಿಗಳಿಂದಲೇ ಮುಂಗಡವಾಗಿ ಕೇಳಿತು. ಸೈಟಿನ ಅಳತೆಗೆ ತಕ್ಕಂತೆ ವಂತಿಗೆ ನಿಗದಿಯಾಯಿತು. 2005ರಲ್ಲಿ ಈ ಎಂಟೂ ಸಂಸ್ಥೆಗಳ ಹೆಸರಿನಲ್ಲಿ 100 ಕೋಟಿ ರೂಪಾಯಿಯ ಬಾಂಡ್ ಕೂಡ ಹೊರಬಂತು. ದುಡ್ಡು ಕಟ್ಟಿದವರು ರಸೀದಿ ಹಿಡಿದು ವರ್ಷಗಟ್ಟಲೆ ಕಾದರು. ಪೈಪು ಹೂತ ಎಷ್ಟೋ ಬೀದಿಗಳಿಗೂ ನೀರು ಹರಿಯಲಿಲ್ಲ. ಅಷ್ಟರಲ್ಲಿ, 2007ರಲ್ಲಿ, ಈ ಎಂಟು ಊರುಗಳೂ 110 ಹಳ್ಳಿಗಳೂ ಬೃಹತ್ ಪಾಲಿಕೆಯೊಳಗೆ ಸೇರಿಹೋದವು. ಹಣ ಪಡೆದ ನಗರಸಭೆಯೇ ಇಲ್ಲವಾದ ಮೇಲೆ ಲೆಕ್ಕ ಕೇಳುವುದು ಯಾರನ್ನು?

ಹಳೆಯ ಬೆಂಗಳೂರಿಗೆ ನೀರು ಬಂದ ಬಗೆಯೇ ಬೇರೆ. ಹೆಸರಘಟ್ಟದ ನೀರು 1890ರ ದಶಕದಲ್ಲಿ ಬಂತು, ತಿಪ್ಪಗೊಂಡನಹಳ್ಳಿಯದು 1933ರಲ್ಲಿ, ಕಾವೇರಿಯ ಮೊದಲ ಹಂತ 1974ರಲ್ಲಿ. ಆ ಬಂಡವಾಳವನ್ನು ಸರ್ಕಾರವೇ ಹೊಂದಿಸಿತು. ನಗರದ ಒಳಗಿನವರಿಗೆ ಎಲ್ಲರ ಹಣದಿಂದ ನೀರು, ಹೊರಗಿನವರಿಗೆ ಮಾತ್ರ ಅವರವರ ಜೇಬಿನಿಂದ ಎಂಬ ನಿಯಮ ನ್ಯಾಯವಾಗುವುದು ಹೇಗೆ?

ಹೊರಗಿನವರು ಈಗಾಗಲೇ ಎಷ್ಟು ತೆರುತ್ತಿದ್ದಾರೆ ಎಂಬುದನ್ನೂ ಗಮನಿಸಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಿಲ್ಲಾಡಳಿತ ಟ್ಯಾಂಕರ್ ದರಕ್ಕೆ ಮಿತಿ ಹಾಕಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಅಂದರೆ ಲೀಟರಿಗೆ 10 ಪೈಸೆ. ಆಗ ಜಲಮಂಡಳಿಯ ನಲ್ಲಿ ಇದ್ದವರು ತಿಂಗಳ ಮೊದಲ 8,000 ಲೀಟರಿಗೆ ಕೊಡುತ್ತಿದ್ದದ್ದು ಲೀಟರಿಗೆ 0.7 ಪೈಸೆ. ಮಿತಿ ಹಾಕಿದ ದರವೇ ಹದಿನಾಲ್ಕು ಪಟ್ಟು! ಅದೂ ಶೆಡ್ಡಿನಲ್ಲಿ, ವಠಾರದಲ್ಲಿ ಬಾಡಿಗೆಗಿರುವವರು ತೆರುವ ಬೆಲೆ. ನಲ್ಲಿಯ ದರವನ್ನು 2014ರಿಂದ 2025ರವರೆಗೆ ಮುಟ್ಟದೆ ಇಟ್ಟದ್ದನ್ನು ಬಡವರ ಪರ ಎಂದು ಹೇಳಿಕೊಂಡರು. ನಲ್ಲಿಯೇ ಇಲ್ಲದ ಬಡವನಿಗೆ ಅದರಿಂದ ಆದ ಲಾಭವೇನು? ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತರುವ ನೀರಿದು. ವಿದ್ಯುತ್ ವೆಚ್ಚ ಏರಿದಾಗ ದರವೂ ಏರಬೇಕು, ಹೆಚ್ಚು ಬಳಸುವವರಿಗೆ ಹೆಚ್ಚು ಏರಬೇಕು. 2025ರ ಏರಿಕೆಯನ್ನು ನಾನು ವಿರೋಧಿಸುವುದಿಲ್ಲ.

ನಿತ್ಯದ ಖರ್ಚು ಮೀಟರಿನಿಂದಲೇ ಹುಟ್ಟಲಿ. ಬಂಡವಾಳದ ಮಾತು ಬೇರೆ. ಹೂತ ಪೈಪು ಹತ್ತಾರು ವರ್ಷ ಬಾಳುತ್ತದೆ. ಅದರ ಪೂರ್ತಿ ಬೆಲೆಯನ್ನು ಇಂದು ಆ ಬೀದಿಯಲ್ಲಿರುವವರಿಂದಲೇ ಒಮ್ಮೆಗೇ ವಸೂಲು ಮಾಡುವುದು ಸರಿಯಲ್ಲ. ಸಾಲ ತಂದು ಕೆಲಸ ಮುಗಿಸಿ, ಆಸ್ತಿ ತೆರಿಗೆಯ ಮೂಲಕ ನಿಧಾನವಾಗಿ ತೀರಿಸುವುದೇ ನ್ಯಾಯದ ದಾರಿ. ನೀರು, ರಸ್ತೆ ಬಂದೊಡನೆ ಸೈಟಿನ ಬೆಲೆ ಏರುತ್ತದೆ. ಆ ಏರಿಕೆ ಸೇರುವುದು ಮಾಲೀಕನಿಗೆ, ಬಾಡಿಗೆದಾರನಿಗಲ್ಲ. ಆದ್ದರಿಂದ ಭಾರವೂ ಮಾಲೀಕನ ಮೇಲೆಯೇ ಬೀಳಲಿ.

ಇದಕ್ಕೆಲ್ಲ ಜನ ಒಪ್ಪಬೇಕಾದರೆ ಕೊಟ್ಟ ಹಣ ಹಾಳಾಗುವುದು ಕಣ್ಣಿಗೆ ಬೀಳಬಾರದು. ಹೊರವಲಯದಲ್ಲಿ ಹಾಳಾಗುವುದು ಕಂಡಷ್ಟು ಬೇರೇನೂ ಕಾಣುವುದಿಲ್ಲ. ಡಾಂಬರು ಆರುವ ಮೊದಲೇ ನೀರಿನ ಪೈಪಿಗೆ ಅಗೆತ, ಅದನ್ನು ಮುಚ್ಚಿದ ಮೇಲೆ ಒಳಚರಂಡಿಗೆ, ಆಮೇಲೆ ಕೇಬಲ್ಲಿಗೆ. ಒಬ್ಬನೇ ತೆರಿಗೆದಾರ ಒಂದೇ ರಸ್ತೆಗೆ ಮೂರು ಸಲ ದುಡ್ಡು ತೆರುತ್ತಾನೆ, ಕೊನೆಗೆ ಉಳಿಯುವುದು ಗುಂಡಿ. ಬೇರೆ ಮಾಡಲು ಬರುವುದಿಲ್ಲವೆಂದಲ್ಲ: ವಿಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಪೈಪು, ಕೇಬಲ್ಲುಗಳನ್ನು ಕಾಲುದಾರಿಯ ಕೆಳಗೆ ಕೂರಿಸಿದ್ದಾರೆ. ಆ ದುಬಾರಿ ಕಲ್ಲುಹಾಸು ಎಲ್ಲ ಕಡೆ ಬೇಕಿಲ್ಲ. ಆ ಅನುಕ್ರಮ ಬೇಕು: ಮೊದಲು ನೆಲದಡಿಯ ಕೆಲಸ, ಆಮೇಲೆ ಡಾಂಬರು, ಎರಡಕ್ಕೂ ಒಂದೇ ಅಂದಾಜುಪಟ್ಟಿ.

110 ಹಳ್ಳಿಗಳಿಗೆಂದು ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ, ಆ ಹಳ್ಳಿಗಳು ಪಾಲಿಕೆಗೆ ಸೇರಿ ಹದಿನೇಳು ವರ್ಷವಾದ ಮೇಲೆ, ಉದ್ಘಾಟನೆಯಾಯಿತು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿದಿತ್ತು. ಮುಂದಿನ ಬಜೆಟ್‌ಗಳನ್ನು ಅಧಿಕಾರಿಗಳೇ ಮಂಡಿಸಿದರು. ನಮ್ಮ ಬೀದಿಯ ದುಡ್ಡಿನ ಬಗ್ಗೆ ಎದ್ದು ನಿಂತು ಕೇಳಬೇಕಾದವರೇ ಇಲ್ಲದ ಸಭೆಯಲ್ಲಿ ತೆರಿಗೆ, ಶುಲ್ಕಗಳು ನಿಗದಿಯಾದರೆ ಜನ ಗೊಣಗದೆ ಇನ್ನೇನು ಮಾಡಿಯಾರು?

ನಿಮ್ಮ ಬಡಾವಣೆಯಲ್ಲಿ ಮತ್ತೆ ಹಣದ ಮಾತು ಎದ್ದರೆ ಕೊಡುವುದಿಲ್ಲ ಎಂದು ಬಾಗಿಲು ಹಾಕಿಕೊಳ್ಳಬೇಡಿ. ಯಾವ ಬೀದಿಗೆ, ಯಾವ ತಿಂಗಳು, ಎಷ್ಟು ಖರ್ಚಿನಲ್ಲಿ, ತಡವಾದರೆ ಹಣ ಹಿಂದಿರುಗಿಸುವವರು ಯಾರು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅದು ಕೈಗೆ ಬಂದ ಮೇಲೆ ನಿಮ್ಮ ಪಾಲನ್ನು ಕೊಡಿ.