ಇದೂ ಒಂದು ತಕರಾರಾ?

‘ನಿಂದೊಂದು ತಕರಾರು ಮಾರಾಯ!’ ಕೌಂಟರಿನ ಆಚೆಯಿದ್ದವರು ಹೀಗೆಂದಾಗ ಸಾಲಿನಲ್ಲಿ ನನ್ನ ಹಿಂದೆ ನಿಂತವರೂ ನಕ್ಕರು. ನಾನು ಕೇಳಿದ್ದು ಇಷ್ಟೇ. ಪಹಣಿಯಲ್ಲಿ ಅಜ್ಜನ ಹೆಸರು ‘ಮಂಜ’ ಎಂದಿದೆ, ಆಧಾರ್‌ನಲ್ಲಿ ‘ಮಂಜುನಾಥ’ ಎಂದಿದೆ. ಇಬ್ಬರೂ ಒಬ್ಬರೇ ಎಂದು ತೋರಿಸಲು ಏನೇನು ಕಾಗದ ಬೇಕು, ಒಂದೇ ಸಲ ಬರೆದುಕೊಡಿ ಎಂದೆ. ಒಂದೊಂದು ಸಲ ಒಂದೊಂದು ಕಾಗದ ಹೇಳಿದ್ದರಿಂದ ಅಜ್ಜನನ್ನು ಕರೆದುಕೊಂಡು ಅದಾಗಲೇ ಮೂರು ಸಲ ಪೇಟೆಗೆ ಬಂದಿದ್ದೆ. ಎರಡಕ್ಷರ ಹೆಚ್ಚುಕಡಿಮೆ ಎಂದು ಫೈಲು ತಿರುಗಿಸಿ ಕಳಿಸಿದವರು ಅವರು, ತಕರಾರಿನವನು ಎನ್ನಿಸಿಕೊಂಡವನು ನಾನು!

ಅಂದಿನಿಂದ ಈ ಶಬ್ದ ತಲೆಯಲ್ಲಿ ಕೂತಿತು. ಇಂಗ್ಲಿಷಿನಲ್ಲಿ ಸಣ್ಣಪುಟ್ಟ ಆಕ್ಷೇಪಕ್ಕೆ ‘ಕ್ವಿಬಲ್’ ಎನ್ನುತ್ತಾರೆ. 17ನೇ ಶತಮಾನದ ಆರಂಭದಲ್ಲಿ ಬಳಕೆಗೆ ಬಂದಾಗ ಅದರ ಅರ್ಥ ಶ್ಲೇಷೆ, ಮಾತಿನ ಚಮತ್ಕಾರ ಎಂದಷ್ಟೇ ಇತ್ತು. ಲ್ಯಾಟಿನ್ನಿನ ‘ಕ್ವಿಬಸ್’ ಎಂಬುದರಿಂದ ಅದು ಹುಟ್ಟಿರಬೇಕು ಎಂದು ನಿಘಂಟುಗಳು ಊಹಿಸುತ್ತವೆ. ‘ಯಾರಿಗೆ, ಯಾವುದರಿಂದ’ ಎಂಬಂಥ ಅರ್ಥದ ಈ ಪದ ಆ ಕಾಲದ ಕೋರ್ಟು ಕಾಗದಗಳಲ್ಲಿ ಸಾಲುಸಾಲಿಗೆ ಬರುತ್ತಿತ್ತಂತೆ. ಕೇಳಿ ಕೇಳಿ ಬೇಸತ್ತ ಜನ ವಕೀಲರ ಜಾಣತನಕ್ಕೆಲ್ಲ ಅದೇ ಹೆಸರಿಟ್ಟರು. 1765ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಶೇಕ್ಸ್‌ಪಿಯರ್‌ನ ನಾಟಕಗಳಿಗೆ ಮುನ್ನುಡಿ ಬರೆದಾಗ, ಈ ಚಟಕ್ಕಾಗಿ ಮಹಾಕವಿ ಏನನ್ನು ಬೇಕಾದರೂ ಬಿಟ್ಟುಕೊಡುತ್ತಿದ್ದ ಎಂದು ದೂರಿದ. (ಜಾನ್ಸನ್ ನಮ್ಮ ಕಡೆಯ ಒಂದು ತಾಳಮದ್ದಳೆಗೆ ಬಂದಿದ್ದರೆ ಏನೆನ್ನುತ್ತಿದ್ದನೋ! ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವುದನ್ನು ಕೇಳಲೆಂದೇ ಜನ ನಿದ್ದೆಗೆಟ್ಟು ಕೂರುತ್ತಾರೆ.)

ನಮ್ಮ ‘ತಕರಾರು’ ಎಲ್ಲಿಂದ ಬಂತು? ಇದನ್ನು ಹೇಳಿದವನು ಅರಬ್ಬಿ ಕಲಿತ ಭಟ್ಕಳದ ಗೆಳೆಯ. ಅವನ ಮನೆಮಾತು ನವಾಯತಿ. ನನ್ನ ಕಥೆ ಕೇಳಿ ಅವನು ಜೋರಾಗಿ ನಕ್ಕ. ಅರಬ್ಬಿಯಲ್ಲಿ ‘ತಕ್ರಾರ್’ ಎಂದರೆ ಜಗಳವೂ ಅಲ್ಲ, ಆಕ್ಷೇಪವೂ ಅಲ್ಲ. ಪುನರಾವರ್ತನೆ, ಅಂದರೆ ಹೇಳಿದ್ದನ್ನೇ ಮತ್ತೆ ಹೇಳುವುದು. ಅದು ಫಾರ್ಸಿಯ ಮೂಲಕ ನಮ್ಮ ದೇಶಕ್ಕೆ ಬಂದು, ಹಿಂದಿಯಲ್ಲಿ ಜಗಳವಾಯಿತು, ಮರಾಠಿಯಲ್ಲಿ ದೂರಾಯಿತು, ಕನ್ನಡದಲ್ಲಿ ಆಕ್ಷೇಪವಾಯಿತು. ಅರ್ಜಿ, ವಕೀಲ, ದಾವೆ, ಜಾಮೀನು ಎಲ್ಲ ಇದೇ ದಾರಿಯಲ್ಲಿ ಬಂದವು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರಿಂದ ಮರಾಠಿ ಕಾಗದಪತ್ರದ ಗಾಳಿಯೂ ಇಲ್ಲಿ ಚೆನ್ನಾಗಿ ಬೀಸಿದೆ.

ನನಗೆ ಹಿಡಿಸಿದ್ದು ಆ ಮೂಲದ ಅರ್ಥ. ಮನುಷ್ಯ ಯಾವಾಗ ಹೇಳಿದ್ದನ್ನೇ ಹೇಳುತ್ತಾನೆ? ಮೊದಲ ಸಲ ಯಾರೂ ಕೇಳಿಸಿಕೊಳ್ಳದಿದ್ದಾಗ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರು ಬೇಡ, ನಾವು ಮೀನು ಒಣಗಿಸುವ ದಂಡೆ ಹೋಗುತ್ತದೆ ಎಂದು ಮೀನುಗಾರರು ವರ್ಷಗಟ್ಟಲೆ ಹೇಳುತ್ತ ಬಂದಿದ್ದಾರೆ. ‘ಅವರದ್ದು ಯಾವಾಗಲೂ ಅದೇ ರಾಗ’ ಎಂದು ಮೂಗು ಮುರಿಯುವವರನ್ನು ಬಸ್ಸಿನಲ್ಲೇ ಕೇಳಿದ್ದೇನೆ. ಬಂದರು ಬೇಕೋ ಬೇಡವೋ, ಬೇರೆ ಮಾತು. ಆದರೆ ಮತ್ತೆ ಮತ್ತೆ ಹೇಳಿದ್ದೇ ತಪ್ಪು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಹಾಗಂತ ಎಲ್ಲ ತಕರಾರೂ ದೊಡ್ಡದಲ್ಲ. ಮದುವೆ ಊಟದಲ್ಲಿ ಪಾಯಸಕ್ಕೆ ಬೆಲ್ಲ ಕಡಿಮೆ ಎಂದು ಕ್ಯಾತೆ ತೆಗೆಯುವ ನಮ್ಮ ಮಾವನನ್ನು ಸಮರ್ಥಿಸಲು ನಾನು ಇದನ್ನು ಬರೆಯುತ್ತಿಲ್ಲ. ಕಾನೂನು ಮಾತ್ರ ತಕರಾರನ್ನು ಹಗುರವಾಗಿ ನೋಡುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲ್ಲೂಕಿನ ಜನ ಹೆದ್ದಾರಿ 66ರ ಅಗಲೀಕರಣ ಕಂಡವರು. ರಾಷ್ಟ್ರೀಯ ಹೆದ್ದಾರಿ ಕಾಯಿದೆ, 1956ರ ಪ್ರಕಾರ ಅಧಿಸೂಚನೆ ಹೊರಬಿದ್ದ 21 ದಿನಗಳೊಳಗೆ ಜಾಗದವರು ಲಿಖಿತ ಆಕ್ಷೇಪಣೆ ಕೊಡಬಹುದು. ಕೊಟ್ಟವರ ಮಾತನ್ನು ಅಧಿಕಾರಿ ಕೇಳಬೇಕು. 22ನೇ ದಿನ ಅದೇ ಮಾತು ಬರೀ ಗೊಣಗಾಟವಾಗುತ್ತದೆ. ‘ಯಾಕೆ ಸುಮ್ಮನೆ ತಕರಾರು’ ಎಂದು ನಾಚಿ ಮನೆಯಲ್ಲಿ ಕೂತವನ ದಿನಗಳೂ ಅದೇ ಲೆಕ್ಕದಲ್ಲಿ ಮುಗಿಯುತ್ತವೆ.

ನಮ್ಮ ವಯಸ್ಸಿನವರಿಗೆ ಈ ನಾಚಿಕೆ ಜಾಸ್ತಿ. ಕಾಲೇಜಿನಲ್ಲಿ ಅಂಕಪಟ್ಟಿಯ ತಪ್ಪು ಕೇಳಿದರೆ ‘ಕಿರಿಕ್ ಪಾರ್ಟಿ’, ಗ್ರಾಮಸಭೆಯಲ್ಲಿ ಬೀದಿದೀಪದ ಬಿಲ್ಲು ಕೇಳಿದರೆ ‘ನಿನ್ನೆ ಮೊನ್ನೆಯ ಹುಡುಗ’. ಹೆಸರಿಟ್ಟರೆ ಸಾಕು, ಪ್ರಶ್ನೆಗೆ ಉತ್ತರ ಕೊಡುವ ಕೆಲಸ ಉಳಿಯುತ್ತದೆ.

ಬರುವ ಸೋಮವಾರ ನಾಲ್ಕನೇ ಸಲ ಹೋಗುವುದಿದೆ. ಈ ಬಾರಿ ಕೇಳಬೇಕಾದ್ದನ್ನು ಬರೆದುಕೊಂಡಿದ್ದೇನೆ, ಸ್ವೀಕೃತಿ ಹಾಕಿಸಿಕೊಳ್ಳಲು ಇನ್ನೊಂದು ಪ್ರತಿಯೂ ಇದೆ. ಅಜ್ಜ ನಿನ್ನೆಯೇ ಸಹಿ ಮಾಡಿ ಕೊಟ್ಟ. ಎರಡು ಸಲ ಮಾಡಿದ: ಒಂದು ‘ಮಂಜ’, ಒಂದು ‘ಮಂಜುನಾಥ’.