ಮನೆ ಗ್ಯಾರೇಜ್ – 6: ಕ್ಯಾಮ್ ರೀಲ್ಸ್ ನಂಬ್ಬೇಡಿ

ರೀಲ್ಸ್‌ನಲ್ಲಿ ಒಂದೇ ನಿಮಿಷಕ್ಕೆ ಹೊಸ ಕ್ಯಾಮ್‌ಶಾಫ್ಟ್ ಕೂತ್ಬಿಡುತ್ತೆ ಅಲ್ವಾ? ಆ ಕಟ್‌ಗಳ ನಡುವೆ ಇಡೀ ವೀಕೆಂಡ್ ಹೋಗಿರುತ್ತೆ ಕಣ್ರೋ. ಟರ್ಬೊ ಕಾರಲ್ಲಿ ಕ್ಯಾಮ್ ಮುಟ್ಟೋಕೂ ಮುಂಚೆ ಇಂಟರ್‌ಕೂಲರ್ ಪೈಪು, ಹೋಸು, ಕ್ಲಾಂಪು ಅಂತ ಬಿಚ್ಚೋದೇ ಅರ್ಧ ದಿನ. ಬಿಚ್ಚಿದ ಪೈಪಿನ ಬಾಯಿಗೆ ಬಟ್ಟೆ ತುರುಕಿ. ಒಳಗೆ ಬಿದ್ದ ಒಂದೇ ಒಂದು ನಟ್ಟು ಸಾಕು, ನಿಮಿಷಕ್ಕೆ 1 ಲಕ್ಷ ಸುತ್ತು ದಾಟೋ ಟರ್ಬೊ ಕಥೆ ಮುಗೀತು.

ಕ್ಯಾಪ್ ಬೋಲ್ಟ್‌ಗಳನ್ನ ಒಂದೊಂದಾಗಿ ಪೂರ್ತಿ ಬಿಚ್ಚಿದ್ರೆ, ಕೆಳಗಿನ ವಾಲ್ವ್ ಸ್ಪ್ರಿಂಗ್ ಒಂದೇ ಕಡೆ ಒತ್ತಿ ಕ್ಯಾಮೇ ಮುರೀಬಹುದು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲಿಸಿ. ಟೈಮಿಂಗ್ ತಪ್ಪಿದ್ರಂತೂ ಬಹಳಷ್ಟು ಇಂಜಿನ್‌ಗಳಲ್ಲಿ ವಾಲ್ವು ಪಿಸ್ಟನ್‌ಗೇ ಹೊಡಿಯುತ್ತೆ. ಉಳಿಸಿದ ಲೇಬರ್ ದುಡ್ಡು ಆಗ ಯಾವ ಮೂಲೆಗೂ ಸಾಲಲ್ಲ.

ಮನೇಲಿ ಮಾಡ್ಲೇಬೇಡಿ ಅಂತಲ್ಲ. ಲಾಕಿಂಗ್ ಟೂಲ್, ಟಾರ್ಕ್ ರೆಂಚ್, ಅದೇ ಇಂಜಿನ್ನಿನ ಮ್ಯಾನ್ಯುಯಲ್ ಮೂರೂ ಇಲ್ದೆ ಅಪ್ಪನ ಕಾರಿಗೆ ಸ್ಪ್ಯಾನರ್ ಹಾಕ್ಬೇಡಿ. ಜೋಡಿಸಿದ ಮೇಲೆ ಕ್ರ್ಯಾಂಕನ್ನ ಕೈಯಲ್ಲೇ 2 ಸುತ್ತು ತಿರುಗಿಸಿ. ಎಲ್ಲಾದ್ರೂ ಗಟ್ಟಿಯಾಗಿ ತಡೆದ್ರೆ ಅಲ್ಲಿಗೇ ನಿಲ್ಸಿ, ಸೆಲ್ಫ್ ಹೊಡೀಬೇಡಿ.