ನೇಮಕಕ್ಕೆ ಕಾರಣವಿರಲಿ, ಗಡುವೂ ಇರಲಿ

ನವಲಗುಂದದ ರೈತರು ಮಹದಾಯಿ ನೀರಿಗಾಗಿ ದಶಕಗಳಿಂದ ಹೋರಾಡುತ್ತಾ ಬಂದವರು. 2018ರ ಆಗಸ್ಟ್‌ನಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರು ಹಂಚಿದ ಬಳಿಕವೂ ವ್ಯಾಜ್ಯವು ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿತು. ಸರಕಾರಗಳೇ ಕಕ್ಷಿಗಳಾಗಿರುವ ಇಂಥ ವ್ಯಾಜ್ಯದಲ್ಲಿ ತೀರ್ಪು ಬರೆಯುವ ಕೈ ಯಾವ ಸರಕಾರದ ಹಂಗಿನಲ್ಲೂ ಇಲ್ಲವೆಂಬುದೇ ರೈತರ ಭರವಸೆ. ಆದ್ದರಿಂದ ನ್ಯಾಯಮೂರ್ತಿಗಳನ್ನು ಯಾರು, ಹೇಗೆ ನೇಮಿಸುತ್ತಾರೆಂಬುದು ಕಾನೂನು ಪಂಡಿತರಿಗಷ್ಟೇ ಸೀಮಿತವಾದ ಚರ್ಚೆಯಲ್ಲ.

ನೇಮಕಾಧಿಕಾರ ಸರಕಾರದ ಕೈಯಲ್ಲಿದ್ದಾಗ ಏನಾಯಿತೆಂಬುದನ್ನು ಕನ್ನಡಿಗರು ಬಲ್ಲರು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಕರಣದಲ್ಲಿ, 1973ರ ಎಪ್ರಿಲ್ 24ರಂದು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೂಡ ಕೆಡಿಸುವಂತಿಲ್ಲವೆಂದು ಸುಪ್ರೀಮ್ ಕೋರ್ಟ್ ತೀರ್ಪಿತ್ತಿತು. ಎರಡೇ ದಿನಗಳಲ್ಲಿ, ಸರಕಾರದ ವಾದವನ್ನು ಒಪ್ಪದ ಮೂವರು ಹಿರಿಯರನ್ನು ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿಸಲಾಯಿತು. ಆ ಮೂವರಲ್ಲಿ ನಮ್ಮ ನಾಡಿನ ಕೆ.ಎಸ್. ಹೆಗ್ಡೆಯವರೂ ಒಬ್ಬರು. ಮೂವರೂ ರಾಜೀನಾಮೆಯಿತ್ತರು.

1993ರ ತೀರ್ಪಿನಿಂದ ನೇಮಕದ ಅಂತಿಮ ಮಾತು ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂಗೆ ಬಂತು. ಇದಕ್ಕೆ ಬದಲಾಗಿ ಸರಕಾರ ತಂದ ನೇಮಕಾತಿ ಆಯೋಗವನ್ನು 2015ರಲ್ಲಿ ಸುಪ್ರೀಮ್ ಕೋರ್ಟ್ ರದ್ದುಪಡಿಸಿತು. ಆದರೆ ಮುಚ್ಚಿದ ಬಾಗಿಲಿನೊಳಗಿನ ನಿರ್ಧಾರವೂ ಶಂಕೆಗೆ ಎಡೆ ಮಾಡುತ್ತದೆ. ಗುಜರಾತ್ ಹೈಕೋರ್ಟಿನಲ್ಲಿದ್ದಾಗ, 2011ರಲ್ಲಿ, ಇಶ್ರತ್ ಜಹಾನ್ ಪ್ರಕರಣವನ್ನು ಸಿ.ಬಿ.ಐ.ಗೆ ಒಪ್ಪಿಸಿದ ಪೀಠದಲ್ಲಿದ್ದವರು ಜಯಂತ್ ಪಟೇಲ್. 2017ರಲ್ಲಿ ಅವರು ಕರ್ನಾಟಕ ಹೈಕೋರ್ಟಿನ ಹಂಗಾಮಿ ಮುಖ್ಯ ನ್ಯಾಯಮೂರ್ತಿಯಾಗುವ ಹೊಸ್ತಿಲಲ್ಲಿದ್ದಾಗ ಅಲಹಾಬಾದಿಗೆ ವರ್ಗಾಯಿಸಲ್ಪಟ್ಟರು. ಅವರೂ ರಾಜೀನಾಮೆಯಿತ್ತರು. ರಾಜ್ಯದ ವಕೀಲರು ಪ್ರತಿಭಟಿಸಿದರು. ವರ್ಗಾವಣೆಯ ಕಾರಣ ಮಾತ್ರ ಜನರಿಗೆ ತಿಳಿಯಲಿಲ್ಲ.

ಇತ್ತ ಸರಕಾರದ ಬಳಿ ಇನ್ನೊಂದು ಅಸ್ತ್ರವಿದೆ: ಮೌನ. ಕೊಲಿಜಿಯಂ ಪುನಃ ಶಿಫಾರಸು ಮಾಡಿದ ಹೆಸರುಗಳಿಗೆ ಮೂರು-ನಾಲ್ಕು ವಾರಗಳೊಳಗೆ ನೇಮಕಾದೇಶ ಹೊರಡಬೇಕೆಂದು 2021ರ ಎಪ್ರಿಲ್‌ನಲ್ಲಿ ಸುಪ್ರೀಮ್ ಕೋರ್ಟ್ ಹೇಳಿತು. ಆ ಗಡುವು ಮೀರಿದಾಗ ಬೆಂಗಳೂರಿನ ವಕೀಲರ ಸಂಘವೇ ನ್ಯಾಯಾಂಗ ನಿಂದನೆಯ ಅರ್ಜಿ ಸಲ್ಲಿಸಬೇಕಾಯಿತು. ಕಡತವನ್ನು ತಿರಸ್ಕರಿಸದೆ, ಒಪ್ಪದೆ, ಸುಮ್ಮನೆ ಇಟ್ಟುಕೊಳ್ಳುವುದೂ ಅಧಿಕಾರದ ದುರ್ಬಳಕೆಯಲ್ಲವೇ?

ನೇಮಿಸುವವರು ಸರಕಾರವೇ ಆಗಲಿ, ನ್ಯಾಯಮೂರ್ತಿಗಳೇ ಆಗಲಿ, ಉತ್ತರದಾಯಿತ್ವವಿಲ್ಲದ ಅಧಿಕಾರ ನ್ಯಾಯಕ್ಕೆ ಮಾರಕ. ಆಯ್ಕೆಗೂ ವರ್ಗಾವಣೆಗೂ ಲಿಖಿತ ಕಾರಣ ಬೇಕು. ಸರಕಾರದ ಆಕ್ಷೇಪಕ್ಕೆ ಮೀರಲಾಗದ ಗಡುವು ಬೇಕು. ಇವೆರಡನ್ನೂ ಜನ ಓದುವಂತಿರಬೇಕು. ತೀರ್ಪಿಗೆ ಕಾರಣ ಬರೆಯಬೇಕಾದ ನ್ಯಾಯಪೀಠವು ತನ್ನ ನೇಮಕಕ್ಕೂ ಕಾರಣ ಬರೆಯಲು ಹಿಂಜರಿಯಬಾರದು.